ಮಾಡು – ಮಾಡಿಸು: ಜೀವಸತ್ತ್ವ ಸಂಶೋಧನೆಯ ಬರೆಹದಲ್ಲಿ ಕಾರಕವಿಚಾರ

ಕಳೆದ ಶ್ರಾವಣದಲ್ಲಿ ನನ್ನ ತಮ್ಮನ ಮಗಳು ತನ್ನ ಮಹಾಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆದು ತಂದು, “ದೊಡ್ಡಪ್ಪ, ಭಾಷೆ ಎಲ್ಲಿಯಾದರೂ ತಪ್ಪಿದ್ದರೆ ತಿದ್ದಿಕೊಡಿ” ಎಂದು ನನ್ನ ಮುಂದಿಟ್ಟಳು. ಅವಳು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ವ್ಯಾಸಂಗಮಾಡುತ್ತಿರುವವಳು. ನಾನೋ ಪಾಠಶಾಲೆಯ ಜಗಲಿಯಲ್ಲಿ ಕುಳಿತು ಕೌಮುದಿಯನ್ನು ಕಂಠಪಾಠಮಾಡಿದವನು. ಕಾಗುಣಿತವನ್ನು ನೋಡಿ ಅರ್ಧ ಗಳಿಗೆಯಲ್ಲಿ ಹಿಂದಕ್ಕೆ ಕೊಡಬಹುದೆಂದೇ ಎಣಿಸಿದ್ದೆನು. ಆದರೆ ಮೊದಲನೆಯ ವಾಕ್ಯದಲ್ಲಿಯೇ ಕಾಲು ತೊಡರಿತು. ವಾಕ್ಯವು ಇದು: “ಅಭಿಯಂತ್ರಿತ ಬ್ಯಾಕ್ಟೀರಿಯಾಗಳಿಂದ ರೈಬೋಫ್ಲೇವಿನ್ ಎಂಬ ಜೀವಸತ್ತ್ವವನ್ನು ಉತ್ಪಾದಿಸಲಾಗಿದೆ.” ಆ ಬಳಿಕ ಈ ವಿಷಯವಾಗಿ ಕನ್ನಡದಲ್ಲಿ ಬಂದಿರುವ ಲೇಖನಗಳನ್ನೂ ಪಠ್ಯಪುಸ್ತಕಗಳ ಪಾಠಗಳನ್ನೂ ದೊರೆತಮಟ್ಟಿಗೆ ತರಿಸಿ ಓದಿದೆನು. ಎಲ್ಲೆಲ್ಲಿಯೂ ಇದೇ ವಾಕ್ಯವು ಸ್ವಲ್ಪಸ್ವಲ್ಪ ವೇಷವನ್ನು ಬದಲಿಸಿಕೊಂಡು ಕುಳಿತಿರುವುದು ಕಂಡುಬಂದಿತು. ಆದಕಾರಣ ಇದು ಒಬ್ಬ ವಿದ್ಯಾರ್ಥಿನಿಯ ದೋಷವಲ್ಲ, ನಮ್ಮ ಶಾಸ್ತ್ರೀಯ ಗದ್ಯದ ದೋಷವೆಂದು ತಿಳಿದು, ವಿದ್ವಾಂಸರ ಪರಾಮರ್ಶೆಗಾಗಿ ಇಲ್ಲಿ ನಿವೇದಿಸುತ್ತೇನೆ. ಶಾಸ್ತ್ರದ ವಿಷಯವನ್ನು ನಾನು ಅವಳಿಂದಲೂ ಅವಳು ಓದಿ ಹೇಳಿದ ಬರೆಹಗಳಿಂದಲೂ ತಿಳಿದುಕೊಂಡವನು. ಶಬ್ದದ ವಿಷಯದಲ್ಲಿ ಮಾತ್ರ ನನ್ನ ಹೊಣೆ.

ಆ ವಾಕ್ಯದಲ್ಲಿ ‘ಬ್ಯಾಕ್ಟೀರಿಯಾಗಳಿಂದ’ ಎಂಬ ಪದವು ಯಾವ ಕಾರಕ? ಕನ್ನಡದಲ್ಲಿ ‘ಇಂದ’ ಎಂಬ ಪ್ರತ್ಯಯವು ಬಹಳ ಹೊರೆಯನ್ನು ಹೊತ್ತಿದೆ. ‘ಮರದಿಂದ ಹಣ್ಣು ಬಿದ್ದಿತು’ ಎಂಬಲ್ಲಿ ಅದು ಅಪಾದಾನ. ‘ಕೊಡಲಿಯಿಂದ ಕಡಿದನು’ ಎಂಬಲ್ಲಿ ಕರಣ. ‘ರಾಮನಿಂದ ರಾವಣನು ಹತನಾದನು’ ಎಂಬಲ್ಲಿ ಕರ್ತೃ. ಪಂಚಮಿಯನ್ನು ಬೇರ್ಪಡಿಸಬೇಕೆಂದೇ ಕೇಶಿರಾಜನು ‘ಅತ್ತಣಿಂ’ ಎಂಬುದನ್ನು ಹೇಳಿದನು. ಶಾಲೆಯ ವ್ಯಾಕರಣಗಳು ‘ದೆಸೆಯಿಂದ’ ಎಂದವು. ಆಡುವ ಮಾತಿನಲ್ಲಿ ಅವೆರಡೂ ನಿಲ್ಲಲಿಲ್ಲ. ನಿತ್ಯವ್ಯವಹಾರದಲ್ಲಿ ಇದರಿಂದ ತೊಂದರೆಯಿಲ್ಲ. ಮರವು ಕೊಡಲಿಯಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೆ ಕಣ್ಣಿಗೆ ಕಾಣದ ಒಂದು ಜೀವಿಯನ್ನು ಕುರಿತು, ಅದನ್ನು ಎಂದೂ ನೋಡದ ವಾಚಕರಿಗೆ ಹೇಳುವಾಗ, ಆ ಜೀವಿಯು ಮರವೋ ಕೊಡಲಿಯೋ ರಾಮನೋ ಎಂಬುದು ವಾಕ್ಯದಿಂದಲೇ ತಿಳಿಯಬೇಕಾಗುವುದು. ಈ ವಾಕ್ಯದಿಂದ ಅದು ತಿಳಿಯುವುದಿಲ್ಲ.

ಇದು ಬರಿಯ ವೈಯಾಕರಣನ ಕುಚೋದ್ಯವೆಂದು ಯಾರೂ ಭಾವಿಸಬಾರದು. ಜೀವಸತ್ತ್ವಗಳ ಚರಿತ್ರೆಯಲ್ಲಿ ಈ ಮೂರು ಕಾರಕಗಳೂ ನಿಜವಾಗಿ ಬೇರೆಬೇರೆಯಾಗಿ ನಡೆದುಹೋಗಿವೆ. ಒಂದು ಬಗೆಯ ಘೋರವಾದ ರಕ್ತಹೀನತೆಗೆ ಯಕೃತ್ತನ್ನು ತಿನ್ನಿಸಿದರೆ ಗುಣವಾಗುವುದೆಂದು ೧೯೨೬ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು ತೋರಿಸಿದರು. ಆ ಯಕೃತ್ತಿನೊಳಗಿನ ಸಾರವಾದ ಬಿ-೧೨ ಜೀವಸತ್ತ್ವವನ್ನು ಕೆಂಪು ಹರಳುಗಳಾಗಿ ಬೇರ್ಪಡಿಸಿದ್ದು ೧೯೪೮ರಲ್ಲಿ, ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸ್ವತಂತ್ರವಾಗಿ. ಟನ್ನುಗಟ್ಟಲೆ ಯಕೃತ್ತನ್ನು ಶೋಧಿಸಿದರೆ ದೊರೆಯುತ್ತಿದ್ದುದು ಅತ್ಯಲ್ಪ. ಇಲ್ಲಿ ಯಕೃತ್ತು ಶುದ್ಧವಾದ ಅಪಾದಾನ: ಇದ್ದುದನ್ನು ಅದರ ದೆಸೆಯಿಂದ ತೆಗೆದುಕೊಂಡರು.

ಎರಡನೆಯದು ೧೯೩೩ರ ಸುಮಾರಿನದು. ಸ್ವಿಟ್ಜರ್ಲೆಂಡಿನಲ್ಲಿ ರೈಖ್‌ಸ್ಟೈನ್ ಎಂಬ ರಸಾಯನಜ್ಞನು ಗ್ಲೂಕೋಸಿನಿಂದ ಸಿ ಜೀವಸತ್ತ್ವವನ್ನು ಪಡೆಯುವ ಕ್ರಮವನ್ನು ಕಂಡುಹಿಡಿದನು. ಅದರ ಹಲವು ಹಂತಗಳಲ್ಲಿ ಒಂದನ್ನು ಮಾತ್ರ, ಸಾರ್ಬಿಟಾಲನ್ನು ಸಾರ್ಬೋಸಾಗಿ ಮಾಡುವುದನ್ನು, ದಂಡಾಣುವಿಗೆ ಬಿಟ್ಟನು, ಮಿಕ್ಕುದೆಲ್ಲವೂ ರಸಾಯನಪ್ರಯೋಗ. ಅಲ್ಲಿ ದಂಡಾಣುವಿನ ಸ್ವಭಾವವನ್ನು ಯಾರೂ ಮುಟ್ಟಲಿಲ್ಲ. ಅದು ತನಗೆ ಸಹಜವಾದ ಕೆಲಸವನ್ನು ಮಾಡಿತು, ರಸಾಯನಜ್ಞನು ಆ ಕೆಲಸವನ್ನು ತನ್ನ ಕ್ರಮದ ನಡುವೆ ಸೇರಿಸಿಕೊಂಡನು. ಬಡಗಿಯ ಕೈಯ ಉಳಿಯಂತೆ ಇದನ್ನು ಕರಣವೆಂದರೆ ದೊಡ್ಡ ಬಾಧಕವಿಲ್ಲ. (ಬ್ಯಾಕ್ಟೀರಿಯಾ, ಬ್ಯಾಸಿಲಸ್ ಎಂಬ ಗ್ರೀಕ್ ಲ್ಯಾಟಿನ್ ಶಬ್ದಗಳೆರಡಕ್ಕೂ ಚಿಕ್ಕ ಕೋಲು ಎಂದೇ ಅರ್ಥವಾದುದರಿಂದ ಹಿಂದಿನವರ ‘ದಂಡಾಣು’ ಶಬ್ದವನ್ನೇ ಬಳಸುತ್ತಿದ್ದೇನೆ. ಎಲ್ಲವೂ ಕೋಲಿನಂತಿರುವುದಿಲ್ಲ ಎಂಬ ಆಕ್ಷೇಪವು ಮೂಲಶಬ್ದಕ್ಕೂ ಸಮಾನ.)

ಮೂರನೆಯದೇ ನಮ್ಮ ಹುಡುಗಿಯ ವಿಷಯ. ಇಲ್ಲಿ ‘ಜೀವಸತ್ತ್ವ’ ಎಂಬ ಮಾತನ್ನೇ ಮೊದಲು ವಿಚಾರಿಸಬೇಕು. ೧೯೧೨ರಲ್ಲಿ ಫುಂಕ್ ಎಂಬಾತನು ಈ ವಸ್ತುಗಳೆಲ್ಲ ‘ಅಮೈನ್’ ಎಂಬ ಜಾತಿಗೆ ಸೇರಿದುವೆಂದು ಊಹಿಸಿ ‘ವೈಟಮೈನ್’ ಎಂದು ಹೆಸರಿಟ್ಟನು. ಊಹೆಯು ಸುಳ್ಳೆಂದು ತಿಳಿದಮೇಲೆ ೧೯೨೦ರಲ್ಲಿ ಡ್ರಮಂಡ್ ಎಂಬಾತನು ಆ ಶಬ್ದದ ಕೊನೆಯ ಅಕ್ಷರವೊಂದನ್ನು ಕಿತ್ತು ಹೆಸರನ್ನು ಉಳಿಸಿದನು. ಯೌಗಿಕವಾಗಿ ಹುಟ್ಟಿದುದು ಯೋಗವು ಕೆಟ್ಟು ರೂಢಿಯಾಯಿತು. ನಮ್ಮಲ್ಲಿ ಇದಕ್ಕೆ ‘ಜೀವಸತ್ತ್ವ’ ಎಂದೂ ‘ಅನ್ನಾಂಗ’ ಎಂದೂ ಎರಡು ಹೆಸರುಗಳು ನಡೆದವು, ಮೊದಲನೆಯದು ಗೆದ್ದಿತು. ನನ್ನ ಮನಸ್ಸು ಸೋತುದರ ಕಡೆಗೇ ಇದೆ. ಏಕೆಂದರೆ ಈ ಹೆಸರು ತಂದೆ, ಮಗ, ಗುರು ಎಂಬುವುಗಳಂತೆ ಸಂಬಂಧಿಶಬ್ದ. ಯಾವ ಪ್ರಾಣಿಯು ಒಂದು ವಸ್ತುವನ್ನು ತನ್ನ ದೇಹದಲ್ಲಿ ಮಾಡಿಕೊಳ್ಳಲಾರದೆ ಅನ್ನದ ಅಂಗವಾಗಿ ಪಡೆಯಬೇಕೋ ಆ ಪ್ರಾಣಿಗೆ ಮಾತ್ರ ಅದು ವಿಟಮಿನ್. ಸಿ ಎಂಬುದು ಮನುಷ್ಯನಿಗೆ ಅನ್ನಾಂಗ. ಇಲಿಗೆ ಅಲ್ಲ, ಇಲಿಯು ಅದನ್ನು ತಾನೇ ಮಾಡಿಕೊಳ್ಳುತ್ತದೆ. ರೈಬೋಫ್ಲೇವಿನ್, ಎಂದರೆ ಬಿ-೨, ನಮಗೆ ಅನ್ನಾಂಗ. ಅದನ್ನು ಮಾಡಿಕೊಳ್ಳಬಲ್ಲ ದಂಡಾಣುವಿಗೆ ಅದು ಸ್ವಂತ ಗೃಹಕೃತ್ಯ. ಬಿ-೧೨ನ್ನಂತೂ ಯಾವ ಗಿಡವೂ ಯಾವ ಪ್ರಾಣಿಯೂ ಮಾಡಲಾರದು. ದಂಡಾಣುಗಳೂ ಅವುಗಳ ದೂರದ ಬಂಧುಗಳಾದ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳೂ ಮಾತ್ರ ಮಾಡಬಲ್ಲುವು. ಆ ಯಕೃತ್ತಿನಲ್ಲಿದ್ದುದೂ ಮೂಲತಃ ದಂಡಾಣುವಿನ ಕೃತಿಯೇ ಎಂದಮೇಲೆ, ೧೯೪೮ರಲ್ಲಿ ಅಪಾದಾನದ ಹಿಂದೆ ಒಬ್ಬ ಕರ್ತೃವು ಅಡಗಿ ಕುಳಿತಿದ್ದನೆಂದಾಯಿತು.

ಹೀಗಿರಲು, ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುವ ಜೀವಿಯಿಂದ ನಮಗೆ ಬೇಕಾದಷ್ಟನ್ನು ಮಾಡಿಸುವುದು ಹೇಗೆ? ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಮಣ್ಣಿನ ದಂಡಾಣುವು ಜಿಟಿಪಿ ಎಂಬ ವಸ್ತುವಿನ ಒಂದು ಅಣುವನ್ನೂ ರಿಬ್ಯುಲೋಸ್ ಫಾಸ್ಫೇಟ್ ಎಂಬ ಸಕ್ಕರೆಯ ಎರಡು ಅಣುಗಳನ್ನೂ ಕೂಡಿಸಿ ಹಲವು ಕಿಣ್ವಗಳ ಮೂಲಕ ರೈಬೋಫ್ಲೇವಿನ್ನನ್ನು ಮಾಡುತ್ತದೆ. ಆ ಕಿಣ್ವಗಳ ವಂಶವಾಹಿಗಳು ಒಂದೇ ಸಾಲಿನಲ್ಲಿವೆ. ಸಾಲಿನ ಶಿರೋಭಾಗದ ಲಿಪಿಯಲ್ಲಿ, ರೈಬೋಫ್ಲೇವಿನ್ನಿನಿಂದಲೇ ಆಗುವ ಎಫ್‌ಎಂಎನ್ ಎಂಬ ವಸ್ತುವನ್ನು ಹಿಡಿದುಕೊಳ್ಳುವ ಒಂದು ಮಡಿಕೆಯಿದೆ. ೨೦೦೨ರಲ್ಲಿ ಇದರ ಬಗೆಯು ಸ್ಪಷ್ಟವಾಯಿತು. ಆ ವಸ್ತುವು ಸಾಕಷ್ಟಾದಕೂಡಲೆ ಮಡಿಕೆಗೆ ಬಂದು ಅಂಟಿಕೊಂಡು ಮುಂದಿನ ಓದನ್ನು ನಿಲ್ಲಿಸುತ್ತದೆ. ಪಂಕ್ತಿಯಲ್ಲಿ ಕುಳಿತವನು ಹೊಟ್ಟೆ ತುಂಬಿದಮೇಲೆ ಎಲೆಗೆ ಕೈಯನ್ನು ಅಡ್ಡಹಿಡಿಯುವಂತೆ ಇದು. ಬಡಿಸುವವನು ಎಷ್ಟು ಒತ್ತಾಯಿಸಿದರೂ ಆ ಕೈ ತೆಗೆಯದು.

ಈ ಕೈಯನ್ನು ತೆಗೆಸಿದ ಉಪಾಯವು ಬಹು ರಮಣೀಯವಾದುದು. ರೋಸಿಯೋಫ್ಲೇವಿನ್ ಎಂಬ ಕೆಂಬಣ್ಣದ ವಸ್ತುವೊಂದಿದೆ. ಅದನ್ನು ಮಾಡುವುದೂ ಮಣ್ಣಿನ ಮತ್ತೊಂದು ಸೂಕ್ಷ್ಮಜೀವಿಯೇ. ರೂಪದಲ್ಲಿ ಅದು ರೈಬೋಫ್ಲೇವಿನ್ನನ್ನೇ ಹೋಲುವುದು, ಗುಣದಲ್ಲಿ ವಿಷ. ದಂಡಾಣುವಿಗೆ ಅದನ್ನು ಉಣಿಸಿದರೆ, ಮಡಿಕೆಯು ಮೋಸಹೋಗಿ ‘ಸಾಕು’ ಎನ್ನುತ್ತದೆ. ನಿಜವಾದುದು ಒಳಗೆ ಇಲ್ಲವಾಗಿ ಕೋಟಿಗಟ್ಟಲೆ ಜೀವಿಗಳು ನಾಶವಾಗುತ್ತವೆ. ಆದರೆ ಅವುಗಳಲ್ಲಿ ಎಲ್ಲಿಯೋ ಒಂದಕ್ಕೆ ಆ ಮಡಿಕೆಯೇ ಕೆಟ್ಟಿರುತ್ತದೆ. ಅದಕ್ಕೆ ‘ಸಾಕು’ ಎನ್ನಲು ಬಾರದು. ಆದುದರಿಂದಲೇ ಬದುಕಿಕೊಳ್ಳುತ್ತದೆ, ಬದುಕಿ ರೈಬೋಫ್ಲೇವಿನ್ನನ್ನು ಹೊರಕ್ಕೆ ಚೆಲ್ಲುವಷ್ಟು ಮಾಡುತ್ತದೆ. ಸುತ್ತಲಿನ ರಸವು ಹಳದಿಯಾಗುವುದರಿಂದ ಅದನ್ನು ಗುರುತಿಸುವುದೂ ಸುಲಭ. ಇಂತಹ ತಳಿಯನ್ನು ಆರಿಸಿಕೊಂಡು, ಆ ವಂಶವಾಹಿಗಳ ಸಾಲಿನ ಪ್ರತಿಗಳನ್ನು ಹೆಚ್ಚಿಸಿ, ಅವುಗಳ ಮುಂದೆ ಬಲವಾದ ಚಾಲಕವನ್ನು ಕೂಡಿಸಿದರೆ ಕೈಗಾರಿಕೆಗೆ ಒದಗುವ ತಳಿಯಾಗುವುದು. ಕಳೆದ ಶತಮಾನದ ಕೊನೆಯ ವರ್ಷಗಳಿಂದೀಚೆಗೆ ರೈಬೋಫ್ಲೇವಿನ್ನಿನ ರಾಸಾಯನಿಕ ತಯಾರಿಕೆಯನ್ನು ಇಂತಹ ತಳಿಗಳೂ ಆಷ್‌ಬ್ಯ ಗಾಸಿಪಿ ಎಂಬ ಶಿಲೀಂಧ್ರದ ತಳಿಗಳೂ ಬಹುಮಟ್ಟಿಗೆ ಹಿಂದಕ್ಕೆ ತಳ್ಳಿರುವುವು.

ಇಷ್ಟನ್ನು ತಿಳಿದುಕೊಂಡಮೇಲೆ ‘ಅಭಿಯಂತ್ರಿತ’ ಎಂಬ ವಿಶೇಷಣವನ್ನು ಮತ್ತೆ ನೋಡಿದೆನು. ‘ಯಂತ್ರ’ ಶಬ್ದವು ‘ಯಮ್’ ಎಂಬ ಧಾತುವಿಗೆ ಹತ್ತಿದುದು. ಬಿಗಿಹಿಡಿಯುವುದೇ ಅದರ ಅರ್ಥ. ಸಂಸ್ಕೃತದಲ್ಲಿ ‘ಯಂತ್ರಿತ’ನೆಂದರೆ ಕಟ್ಟುಬಿದ್ದವನು. ಇಲ್ಲಿಯಾದರೋ ನಡೆದಿರುವುದು ಕಟ್ಟನ್ನು ಬಿಚ್ಚುವ ಕೆಲಸ! ಸೃಷ್ಟಿಯು ಯಂತ್ರಿತವಾಗಿ ಇಟ್ಟುದನ್ನು ಸಂಶೋಧಕನು ವಿಯಂತ್ರಿತವಾಗಿ ಮಾಡಿದನು. ನಾವು ಅದಕ್ಕೆ ವಿಪರೀತವಾದ ಹೆಸರನ್ನಿಟ್ಟೆವು. ಇಂಗ್ಲಿಷಿನ ‘ಎಂಜಿನಿಯರ್’ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಪದವು ಹುಟ್ಟಿನಿಂದ ಬಂದ ಬುದ್ಧಿ ಎಂಬ ಅರ್ಥದ್ದು. ನಮ್ಮ ‘ಜನ್’ ಧಾತುವಿಗೆ ಅದು ಜ್ಞಾತಿ. ಅವರ ಶಬ್ದದಲ್ಲಿ ಜನ್ಮವಿದೆ, ನಮ್ಮ ಅನುವಾದದಲ್ಲಿ ಬೇಡಿಯಿದೆ. ‘ಕಿಣ್ವ’ವನ್ನು ಆರಿಸಿದವರ ಎಚ್ಚರವು ಇಲ್ಲಿ ಕಾಣದು. ಕಿಣ್ವವೆಂದರೆ ಸುರೆಯನ್ನು ಹುದುಗಿಸುವ ಬೀಜ. ಕಿಣ್ವಾದಿಗಳ ಕೂಟದಲ್ಲಿ ಮದಶಕ್ತಿ ಹುಟ್ಟುವಂತೆ ಭೂತಗಳ ಕೂಟದಲ್ಲಿ ಚೈತನ್ಯವು ಹುಟ್ಟುವುದೆಂಬುದು ಚಾರ್ವಾಕರ ಪ್ರಸಿದ್ಧ ದೃಷ್ಟಾಂತ. ‘ಎನ್ಜೈಮ್’ ಶಬ್ದಕ್ಕೂ ಗ್ರೀಕಿನಲ್ಲಿ ‘ಹುದುಗಿನೊಳಗಿನದು’ ಎಂದೇ ಅರ್ಥ. ಇಂತಹ ಅನುವಾದವು ಒಂದು ಭಾಷೆಗೆ ನೂರು ವರ್ಷಕ್ಕೊಮ್ಮೆ ಒದಗುವುದು.

ಈಗ ‘ಉತ್ಪಾದಿಸಲಾಗಿದೆ’ ಎಂಬ ಕ್ರಿಯಾಪದ. ಸಂಸ್ಕೃತದ ‘ಉತ್ಪಾದಯತಿ’ ಎಂಬುದೇ ಪ್ರೇರಣಾರ್ಥಕ. ಕನ್ನಡದಲ್ಲಿ ‘ಇಸು’ ಪ್ರತ್ಯಯಕ್ಕೆ ಎರಡು ಉದ್ಯೋಗ: ‘ಮಾಡಿಸು’, ‘ಬರೆಯಿಸು’ ಎಂಬಲ್ಲಿ ಪ್ರೇರಣೆ; ‘ವರ್ಣಿಸು’, ‘ಉತ್ಪಾದಿಸು’ ಎಂಬಲ್ಲಿ ಸಂಸ್ಕೃತ ಪ್ರಕೃತಿಯನ್ನು ಕನ್ನಡ ಧಾತುವಾಗಿ ಮಾಡಿಕೊಳ್ಳುವುದಷ್ಟೆ. ಹೀಗಾಗಿ ದಂಡಾಣುವೂ ‘ಉತ್ಪಾದಿಸುತ್ತದೆ’, ಸಂಶೋಧಕನೂ ‘ಉತ್ಪಾದಿಸುತ್ತಾನೆ’, ಕಾರ್ಖಾನೆಯ ಒಡೆಯನೂ ‘ಉತ್ಪಾದಿಸುತ್ತಾನೆ’. ಮೂವರಿಗೂ ಒಂದೇ ಕ್ರಿಯೆ. ಅದಕ್ಕೆ ‘ಲಾಗಿದೆ’ ಎಂಬ ಬಾಲವನ್ನು ಹಚ್ಚಿದೊಡನೆ ಮೂವರೂ ಮಾಯವಾಗುತ್ತಾರೆ. ದೇಶ್ಯವಾದ ‘ಮಾಡು’ ಧಾತುವನ್ನು ತೆಗೆದುಕೊಂಡರೆ ಈ ಗೊಂದಲವಿಲ್ಲ: ದಂಡಾಣುವು ಮಾಡುತ್ತದೆ, ಸಂಶೋಧಕನು ಮಾಡಿಸುತ್ತಾನೆ. ಪಾಣಿನೀಯರ ಮಾತಿನಲ್ಲಿ ಹೇಳುವುದಾದರೆ ಸಂಶೋಧಕನು ಪ್ರಯೋಜಕಕರ್ತೃ, ದಂಡಾಣುವು ಪ್ರಯೋಜ್ಯಕರ್ತೃ. ಪ್ರಯೋಜ್ಯನಾದರೂ ಅವನು ಕರ್ತೃವೇ. ಸ್ವಾತಂತ್ರ್ಯವೇ ಕರ್ತೃವಿನ ಲಕ್ಷಣವಾಗಿರಲಾಗಿ, ಒಬ್ಬನು ಪ್ರೇರಿಸಿದ ಮಾತ್ರಕ್ಕೆ ಮತ್ತೊಬ್ಬನ ಸ್ವಾತಂತ್ರ್ಯವು ಅಳಿಯುವುದಿಲ್ಲವೆಂಬುದು ಶಾಸ್ತ್ರದ ಮರ್ಮ.

ಈ ಭೇದಕ್ಕೆ ಬಿ-೧೨ಕ್ಕಿಂತ ಒಳ್ಳೆಯ ಉದಾಹರಣವನ್ನು ನಾನು ಕಾಣೆನು. ಡೊರೊತಿ ಹಾಜ್ಕಿನ್ ಎಂಬ ವಿದುಷಿಯು ೧೯೫೬ರಲ್ಲಿ ಅದರ ರಚನೆಯನ್ನು ಪ್ರಕಟಿಸಿದಮೇಲೆ, ವುಡ್‌ವರ್ಡ್ ಮತ್ತು ಎಶನ್‌ಮೋಸರ್ ಎಂಬ ಇಬ್ಬರು ರಸಾಯನಾಚಾರ್ಯರು ಸುಮಾರು ನೂರು ಮಂದಿ ಸಹಾಯಕರೊಡನೆ ಹನ್ನೆರಡು ವರ್ಷಗಳಷ್ಟು ಶ್ರಮಿಸಿ, ೧೯೭೨ರಲ್ಲಿ ಆ ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟುವ ಕ್ರಮವನ್ನು ಮುಗಿಸಿದರು. ಅವರು ಮಾಡಿದರು. ೨೦೧೮ರಲ್ಲಿ ಚೀನದ ಸಂಶೋಧಕರು, ಬಿ-೧೨ನ್ನು ಮೊದಲಿನಿಂದ ಮಾಡಲಾರದ ಎಷೆರಿಕಿಯಾ ಕೋಲೈ ಎಂಬ ದಂಡಾಣುವಿಗೆ ಬೇರೆಬೇರೆ ದಂಡಾಣುಗಳ ೨೮ ವಂಶವಾಹಿಗಳನ್ನು ಕೂಡಿಸಿ, ಅದನ್ನು ಮಾಡಬಲ್ಲ ತಳಿಯಾಗಿ ತಿದ್ದಿದರು. ಅವರು ಮಾಡಿಸಿದರು. ವಸ್ತು ಒಂದೇ; ಎರಡೂ ಮಹತ್ಕಾರ್ಯಗಳೇ; ಆದರೆ ಕಾರ್ಯದ ಜಾತಿಯು ಬೇರೆ. ಮಾರುಕಟ್ಟೆಗೆ ಬರುವ ಬಿ-೧೨ ಎಲ್ಲವೂ ದಂಡಾಣುಗಳು ಮಾಡಿದುದು. ೧೯೭೨ರ ಕ್ರಮದಿಂದ ಒಂದು ಗುಳಿಗೆಯೂ ಬಂದಿಲ್ಲ. ನಮ್ಮ ಕನ್ನಡ ಲೇಖನಗಳಲ್ಲಿ ಎರಡಕ್ಕೂ ‘ಉತ್ಪಾದಿಸಲಾಯಿತು’ ಎಂದೇ ಇದೆ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಕಾರಕಗಳು ವಿವಕ್ಷಾಧೀನವಲ್ಲವೆ? ‘ಪಾತ್ರೆಯು ಬೇಯಿಸುತ್ತದೆ’, ‘ಸೌದೆಯು ಬೇಯಿಸುತ್ತದೆ’ ಎಂದು ಅಧಿಕರಣವನ್ನೂ ಕರಣವನ್ನೂ ಕರ್ತೃವಾಗಿ ಹೇಳುವುದನ್ನು ವೈಯಾಕರಣರೇ ಒಪ್ಪಿರುವಾಗ, ಕರ್ತೃವನ್ನು ಕರಣವಾಗಿ ಹೇಳಿದರೆ ದೋಷವೇನು? ಇಂಗ್ಲಿಷಿನ ಬರೆಹಗಾರರೂ ಈ ಜೀವಿಯನ್ನು ‘ಸೆಲ್ ಫ್ಯಾಕ್ಟರಿ’ ಎನ್ನುತ್ತಾರೆ, ಮೋಟಾರುಗಾಡಿಯ ಚೌಕಟ್ಟಿಗೆ ಹೇಳುವಂತೆ ‘ಷಾಸಿ’ ಎನ್ನುತ್ತಾರೆ. ಆ ರೂಪಕದಿಂದ ಉಪಯೋಗವೂ ಇದೆ: ಎಷ್ಟು ಸಕ್ಕರೆ ಒಳಗೆ ಹೋಯಿತು, ಎಷ್ಟು ಸರಕು ಹೊರಗೆ ಬಂದಿತು ಎಂಬ ಲೆಕ್ಕಕ್ಕೆ ಅದು ದಾರಿಮಾಡಿಕೊಟ್ಟಿದೆ. ಇದನ್ನು ನಾನು ಅಲ್ಲಗಳೆಯೆನು. ರೂಪಕವನ್ನು ನಿಷೇಧಿಸುವ ಪಂಡಿತನು ಅಲಂಕಾರಶಾಸ್ತ್ರವನ್ನು ಓದಿಲ್ಲವೆಂದೇ ಅರ್ಥ. ಆದರೆ ವಿವಕ್ಷೆಗೂ ಮೇರೆಯಿದೆ. ಒಲೆಯನ್ನು ಆರಿಸಿ ಅಡಿಗೆಯವನು ಎದ್ದುಹೋದರೆ ಪಾತ್ರೆಯು ತನ್ನ ಪಾಡಿಗೆ ಬೇರೇನನ್ನೂ ಬೇಯಿಸದು. ದಂಡಾಣುವಿನ ಮಾತು ಹಾಗಲ್ಲ. ಅದಕ್ಕೆ ತನ್ನದೇ ಆದ ಪ್ರಯೋಜನವಿದೆ. ಅದು ಬೆಳೆಯಬೇಕು, ಇಮ್ಮಡಿಯಾಗಬೇಕು. ನಮಗಾಗಿ ಮಾಡುವ ಜೀವಸತ್ತ್ವವು ಅದಕ್ಕೆ ಹೊರೆ. ತೊಟ್ಟಿಯಲ್ಲಿ ಕೋಟಿಗಟ್ಟಲೆ ಇರುವುವುಗಳಲ್ಲಿ ಯಾವುದಾದರೊಂದು ಆಕಸ್ಮಿಕವಾಗಿ ಆ ಹೊರೆಯನ್ನು ಕೆಳಗಿಟ್ಟಿತೆಂದರೆ, ಅದರ ಸಂತತಿಯು ಬೇಗಬೇಗನೆ ಬೆಳೆದು ದುಡಿಯುವುವುಗಳನ್ನು ಹಿಂದಿಕ್ಕುವುದು. ಸಂಶೋಧಕರ ಅರ್ಧ ಆಯುಷ್ಯವು ಇದನ್ನು ತಡೆಯುವುದರಲ್ಲಿಯೇ ಕಳೆಯುವುದೆಂದು ನಮ್ಮ ಹುಡುಗಿ ಹೇಳುತ್ತಾಳೆ. ಕೊಡಲಿಯು ಬಡಗಿಯನ್ನು ಹೀಗೆ ಕಾಡಿಸಿದುದುಂಟೆ?

ಇನ್ನೊಂದು ಸಂಗತಿಯು ಇದಕ್ಕಿಂತ ಗುರುತರವಾದುದು. ೨೦೧೪ರಲ್ಲಿ ಯೂರೋಪಿಗೆ ಚೀನದಿಂದ ಬಂದ, ಪಶುಗಳ ಮೇವಿಗೆ ಬೆರಸುವ ಬಿ-೨ ಜೀವಸತ್ತ್ವದ ಸರಕಿನಲ್ಲಿ, ಅದನ್ನು ಮಾಡಿದ ಬ್ಯಾಸಿಲಸ್ ಸಬ್‌ಟಿಲಿಸ್‌ನ ತಿದ್ದಿದ ತಳಿಯೇ ಜೀವಂತವಾಗಿ ಸಿಕ್ಕಿತು. ಈ ದಂಡಾಣುವು ಪ್ರತಿಕೂಲ ಕಾಲದಲ್ಲಿ ಗಟ್ಟಿಯಾದ ಬೀಜಕವಾಗಿ ಮುದುಡಿಕೊಂಡು ಬಹುಕಾಲ ಉಳಿಯಬಲ್ಲುದು. ಆ ತಳಿಯಲ್ಲಿ ಪ್ರತಿಜೈವಿಕ ಔಷಧಗಳನ್ನು ತಾಳಿಕೊಳ್ಳುವ ವಂಶವಾಹಿಗಳೂ ಇದ್ದುವು. ಅಂತಹ ವಂಶವಾಹಿಗಳು ಒಂದು ಜೀವಿಯಿಂದ ಮತ್ತೊಂದಕ್ಕೆ ದಾಟಬಲ್ಲುವಾದ್ದರಿಂದಲೇ ಅಧಿಕಾರಿಗಳಿಗೆ ಕಳವಳವಾದುದು. ‘ಕಾರ್ಖಾನೆ’ ಎಂದು ಓದಿಕೊಂಡವನಿಗೆ ಇದು ಅರ್ಥವೇ ಆಗದು. ಸರಕಿನ ಮೂಟೆಯೊಳಗೆ ಕಾರ್ಖಾನೆಯು ಹೇಗೆ ಬಂದಿತು? ‘ಮಾಡುವವನು’ ಎಂದು ಓದಿಕೊಂಡವನಿಗೆ ಪ್ರಶ್ನೆಯು ತಾನಾಗಿಯೇ ಏಳುವುದು: ಮಾಡಿದವನು ಎಲ್ಲಿ ಹೋದನು? ನಾನು ಇಲ್ಲಿ ಈ ವಿದ್ಯೆಯನ್ನು ದೂಷಿಸುತ್ತಿಲ್ಲ. ಮಕ್ಕಳ ಬಾಯಿಹುಣ್ಣಿಗೆ ನಮ್ಮೂರಿನ ವೈದ್ಯರು ಕೊಡುವ ಹಳದಿ ಗುಳಿಗೆಯು ಇದರ ಫಲವೆಂದು ಬಲ್ಲೆನು. ಆದರೆ ಶಾಲೆಯ ಉಪಾಧ್ಯಾಯನು ಪಾಠದಲ್ಲಿ ಈ ವಾಕ್ಯವನ್ನು ಓದಿಸುವಾಗ, ಕೇಳಬೇಕಾದ ಪ್ರಶ್ನೆಯನ್ನು ಮಕ್ಕಳು ಕೇಳದಂತೆ ವಾಕ್ಯವೇ ಅಡ್ಡನಿಂತರೆ, ಅದನ್ನು ಶೈಲಿಯ ಸಣ್ಣ ದೋಷವೆಂದು ಬಿಡಲಾಗದು.

ಮೇಲಾಗಿ ನಮ್ಮ ಹೆಂಗಸರ ಮಾತಿನಲ್ಲಿ ಈ ಕಾರಕಭೇದವು ಮೊದಲಿನಿಂದಲೂ ಸ್ವಚ್ಛವಾಗಿದೆ. ‘ಹಾಲಿಗೆ ಹೆಪ್ಪು ಹಾಕಿದೆ, ಮೊಸರಾಯಿತು’ ಎನ್ನುವರೇ ಹೊರತು ‘ಮೊಸರನ್ನು ಮಾಡಿದೆ’ ಎನ್ನುವವರು ಕಡಮೆ. ‘ಹಿಟ್ಟು ಇನ್ನೂ ಹುದುಗು ಬಂದಿಲ್ಲ’ ಎಂದು ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆಗೆದುನೋಡಿ ಕಾಯುವರು. ಹಾಕುವುದು ತಮ್ಮ ಕೆಲಸ, ಆಗುವುದು ಅದರ ಕೆಲಸ. ದಂಡಾಣುವಿನ ಹೆಸರನ್ನು ಕೇಳದವರು ಅದರ ಕರ್ತೃತ್ವಕ್ಕೆ ಎಡೆಬಿಟ್ಟು ಮಾತಾಡಿದರು. ಅದರ ವಂಶವಾಹಿಗಳನ್ನು ಎಣಿಸಿದವರು ಅದನ್ನು ಕೊಡಲಿಯೆಂದರು.

‘ಅಭಿಯಂತ್ರಿತ’ಕ್ಕೆ ಬದಲಾಗಿ ನಾನು ‘ಪ್ರಯೋಜಿತಜೀವಾಣು’ ಎಂಬುದನ್ನು ಸೂಚಿಸಿದೆನು. ಹುಡುಗಿಯು ನಕ್ಕು, “ದೊಡ್ಡಪ್ಪ, ಇದನ್ನು ಹೇಳುವಷ್ಟರಲ್ಲಿ ದಂಡಾಣು ಎರಡಾಗಿರುತ್ತದೆ. ನಾವು ತಿದ್ದಿದ ತಳಿ ಎಂದುಕೊಳ್ಳುತ್ತೇವೆ” ಎಂದಳು. ವಂಶವಾಹಿಯನ್ನು ಲಿಪಿಯೆಂದು ಭಾವಿಸುವ ಶಾಸ್ತ್ರದಲ್ಲಿ, ಮಕ್ಕಳಿಗೆ ಅಕ್ಷರ ತಿದ್ದಿಸುವ ನಾಡಿನಲ್ಲಿ, ‘ತಿದ್ದು’ ಎಂಬುದಕ್ಕಿಂತ ಸಮರ್ಪಕವಾದ ಧಾತುವು ಸಿಕ್ಕದು. ಸೋಲನ್ನು ಒಪ್ಪಿಕೊಂಡೆನು; ಈ ಲೇಖನದಲ್ಲಿಯೂ ಆ ಮಾತನ್ನೇ ಎರವಲು ಪಡೆದು ಬಳಸಿದ್ದೇನೆ. ಅವಳ ಮೊದಲನೆಯ ವಾಕ್ಯವನ್ನು ಇಬ್ಬರೂ ಕೂಡಿ ಹೀಗೆ ಬರೆದೆವು: “ಬ್ಯಾಸಿಲಸ್ ಸಬ್‌ಟಿಲಿಸ್‌ನ ತಳಿಯೊಂದನ್ನು ತಿದ್ದಿ, ಅದು ತನಗೆ ಬೇಕಾದುದಕ್ಕಿಂತ ಹೆಚ್ಚಾಗಿ ರೈಬೋಫ್ಲೇವಿನ್ನನ್ನು ಮಾಡುವಂತೆ ಮಾಡಿದೆನು.”

ಹದಿನೈದು ದಿನಗಳ ಬಳಿಕ ಅವಳು ಮತ್ತೆ ಬಂದಳು. ಮಾರ್ಗದರ್ಶಕರು ‘ತಿದ್ದಿದ ತಳಿ’ಯನ್ನೂ ‘ಅದು ಮಾಡುವಂತೆ’ ಎಂಬುದನ್ನೂ ಸಂತೋಷದಿಂದ ಒಪ್ಪಿದರಂತೆ. ‘ಮಾಡಿದೆನು’ ಎಂಬುದನ್ನು ಮಾತ್ರ, ಮಹಾಪ್ರಬಂಧದಲ್ಲಿ ಉತ್ತಮಪುರುಷಕ್ಕೆ ಅವಕಾಶವಿಲ್ಲವೆಂದು, ‘ಮಾಡಲಾಗಿದೆ’ ಎಂದು ತಿದ್ದಿದರಂತೆ. ದಂಡಾಣುವಿಗೆ ಕರ್ತೃತ್ವವು ಬಂದಿತು, ಐದು ವರ್ಷ ರಾತ್ರಿಹಗಲು ಅದರ ಹಿಂದೆ ನಿಂತವಳಿಗೆ ಬರಲಿಲ್ಲ. ಸಾರಾಂಶವು ಹಾಗೆಯೇ ಅಚ್ಚಿಗೆ ಹೋಗಿದೆ.